ಹಸೆಮಣೆ ಏರುವ ಮುನ್ನ ಎದೆ ಡವಡವ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆ ಮದುವೆ ಮಾಡುವವರ ಕಷ್ಟವನ್ನು ಹೇಳುತ್ತದೆ. ಮದುವೆ ಆಗುವವರ ಪಾಡೇನು? ಲಗ್ನಪತ್ರಿಕೆ ಅಚ್ಚಾದ ದಿನದಿಂದ ನಿದ್ದೆ ಬಾರದ ಹುಡುಗಿ, ತಟ್ಟೆಯ ಮುಂದೆ ಕುಳಿತರೆ ವಾಕರಿಕೆ ಬರುವ ಹುಡುಗ ಎಲ್ಲ ಊರಲ್ಲೂ ಇದ್ದಾರೆ. ಅಂತರಘಟ್ಟೆಯಂಥ ಊರಿನಲ್ಲಿ ಮದುವೆಯೆಂದರೆ ಒಂದು ಮನೆಯ ಕೆಲಸವಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಕಡೆಯಿಂದೆಲ್ಲ ನೆಂಟರು ಬಂದು ಸೇರುತ್ತಾರೆ. ಅಷ್ಟೂ ಕಣ್ಣುಗಳು ಇಬ್ಬರ ಮೇಲೆ. ಗಾಬರಿಯಾಗದೆ ಇರುತ್ತದೆಯೇ?

ಆದರೆ ಈ ಗಾಬರಿಯನ್ನು ಮನೆಯವರು ವೈದ್ಯರ ಮುಂದೆ ತರುವುದು ಮುಹೂರ್ತಕ್ಕೆ ಮೂರು ದಿನ ಉಳಿದಾಗ. ‘ಏನಾದರೂ ಶಕ್ತಿ ಇಂಜೆಕ್ಷನ್ ಕೊಡಿ ಡಾಕ್ಟ್ರೇ, ಧಾರೆ ಮುಗಿದರೆ ಸಾಕು’ ಎನ್ನುತ್ತಾರೆ. ಇದು ಇಂಜೆಕ್ಷನ್ನಿನಿಂದ ಆಗುವ ಕೆಲಸವಲ್ಲ. ಹೆದರಿದವರನ್ನು ಒಂದಿಷ್ಟು ಅಭ್ಯಾಸದಿಂದ ಸಜ್ಜುಗೊಳಿಸಬಹುದು. ಅದಕ್ಕೂ ಮೊದಲು ಅವರಿಗೆ ಹೆದರಿಕೆ ಏತಕ್ಕೆ ಎಂದು ಕೇಳಬೇಕು.

ಶರೀರದಲ್ಲಿ ಆಗುವುದೇನು?

ಮೂತ್ರಪಿಂಡಗಳ ಮೇಲೆ ಟೋಪಿಯಂತೆ ಕುಳಿತ ಎರಡು ಪುಟ್ಟ ಗ್ರಂಥಿಗಳಿವೆ. ಮನಸ್ಸು ಅಪಾಯವೆಂದು ಭಾವಿಸಿದ ಕೂಡಲೇ ಇವು ಅಡ್ರಿನಾಲಿನ್ ಎಂಬ ರಸವನ್ನು ರಕ್ತಕ್ಕೆ ಬಿಡುತ್ತವೆ. ಆಗ ಹೃದಯ ಬೇಗ ಬಡಿಯುತ್ತದೆ, ಅಂಗೈ ಬೆವರುತ್ತದೆ, ಬಾಯಿ ಒಣಗುತ್ತದೆ. ರಕ್ತವು ಹೊಟ್ಟೆಯಿಂದ ಮಾಂಸಖಂಡಗಳ ಕಡೆಗೆ ಹರಿಯುವುದರಿಂದ ಹಸಿವು ಸಾಯುತ್ತದೆ. ಹುಲಿ ಎದುರಾದಾಗ ಓಡಲು ಬೇಕಾದ ಏರ್ಪಾಡು ಇದು. ಮಂಟಪದಲ್ಲಿ ಹುಲಿಯಿಲ್ಲ, ಆದರೆ ಶರೀರಕ್ಕೆ ಆ ವ್ಯತ್ಯಾಸ ತಿಳಿಯದು.

ಗಾಬರಿಯಲ್ಲಿ ಉಸಿರು ಮೇಲಿಂದ ಮೇಲೆ ಆಡಿದಾಗ ರಕ್ತದಲ್ಲಿನ ಇಂಗಾಲಾಮ್ಲ ಕಡಿಮೆಯಾಗುತ್ತದೆ. ಬೆರಳ ತುದಿ, ತುಟಿಯ ಸುತ್ತ ಜುಮುಗುಟ್ಟುವುದು, ತಲೆ ಹಗುರವಾಗುವುದು ಇದರಿಂದಲೇ. ಹುಡುಗಿಗೆ ಗಾಳಿ ಸೋಕಿದೆ, ದೃಷ್ಟಿಯಾಗಿದೆ ಎಂದು ಮನೆಯವರು ಹೆದರುವುದು ಇಂಥ ಹೊತ್ತಿನಲ್ಲೇ. ಇದು ಗಾಳಿಯೂ ಅಲ್ಲ, ಅಪಶಕುನವೂ ಅಲ್ಲ. ಉಸಿರು ನಿಧಾನವಾದರೆ ಕೆಲವೇ ನಿಮಿಷಗಳಲ್ಲಿ ಸರಿಹೋಗುತ್ತದೆ.

ನಾಲ್ಕು ಅಭ್ಯಾಸಗಳು

1. ಉಸಿರು: ಮೂಗಿನಿಂದ ಮನಸ್ಸಿನಲ್ಲೇ ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ನಿಧಾನವಾಗಿ ಬಿಡಿ. ನಿಮಿಷಕ್ಕೆ ಸುಮಾರು ಆರು ಉಸಿರು. ಬೆಳಿಗ್ಗೆ, ರಾತ್ರಿ ಐದೈದು ನಿಮಿಷ, ಮದುವೆಗೆ ಎರಡು ವಾರ ಇರುವಾಗಲೇ ಶುರು ಮಾಡಿ. ಮುಹೂರ್ತದ ದಿನ ಮೊದಲ ಬಾರಿಗೆ ಮಾಡಹೊರಟರೆ ಕೈಗೆ ಹತ್ತುವುದಿಲ್ಲ.

2. ಊಟ: ಮಂಟಪದಲ್ಲಿ ತಲೆ ಸುತ್ತಿ ಬೀಳುವುದಕ್ಕೆ ಖಾಲಿ ಹೊಟ್ಟೆ, ಹೋಮದ ಹೊಗೆ, ಭಾರದ ಸೀರೆ, ಬಹಳ ಹೊತ್ತು ನಿಲ್ಲುವುದು ಎಲ್ಲ ಸೇರಿಕೊಳ್ಳುತ್ತವೆ. ಧಾರೆ ಮುಗಿಯುವವರೆಗೆ ಉಪವಾಸವಿರುವ ಪದ್ಧತಿ ನಮ್ಮಲ್ಲಿ ಅನೇಕ ಮನೆಗಳಲ್ಲಿದೆ. ನಮ್ಮಲ್ಲಷ್ಟೇ ಅಲ್ಲ, ಯಹೂದಿಯರಲ್ಲೂ ಅನೇಕರು ಮದುವೆಯ ದಿನ ಉಪವಾಸವಿರುತ್ತಾರೆ. ಅವರಲ್ಲಿ ಒಂದು ಒಳ್ಳೆಯ ರೂಢಿಯುಂಟು. ಶಾಸ್ತ್ರ ಮುಗಿದ ಕೂಡಲೇ ವಧೂವರರನ್ನು ಇಬ್ಬರನ್ನೇ ಒಂದು ಕೋಣೆಯಲ್ಲಿ ಸ್ವಲ್ಪ ಹೊತ್ತು ಬಿಡುತ್ತಾರೆ. ಅಲ್ಲಿ ಅವರು ಉಪವಾಸ ಮುರಿದು, ಒಂದು ತುತ್ತು ತಿಂದು, ಉಸಿರು ಬಿಟ್ಟು ಹೊರಗೆ ಬರುತ್ತಾರೆ. ನಮ್ಮಲ್ಲೋ, ಧಾರೆಯಾದ ಮೇಲೂ ಫೋಟೋ, ಮುಯ್ಯಿ, ಆಶೀರ್ವಾದ ಎಂದು ಮಧ್ಯಾಹ್ನ ಮೂರರವರೆಗೆ ನಿಲ್ಲಿಸಿಬಿಡುತ್ತೇವೆ. ಉಪವಾಸ ಬಿಡಲಾಗದಿದ್ದರೆ ಹಾಲು, ಬಾಳೆಹಣ್ಣು, ಎಳನೀರು ಆದೀತೇ ಎಂದು ಹಿರಿಯರನ್ನು ಕೇಳಿ. ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು. ನಿಂತಿರುವಾಗ ಮಂಡಿ ಬಿಗಿಯದೆ ಕಾಲ್ಬೆರಳು ಆಡಿಸುತ್ತಿರಿ. ಯಾರಾದರೂ ತಲೆ ಸುತ್ತಿ ಬಿದ್ದರೆ ಎಬ್ಬಿಸಿ ಕೂರಿಸಬೇಡಿ, ಬಾಯಿಗೆ ನೀರು ಹುಯ್ಯಬೇಡಿ. ಅಂಗಾತ ಮಲಗಿಸಿ, ಕಾಲುಗಳನ್ನು ಒಂದಡಿ ಎತ್ತರಿಸಿ, ಗಾಳಿಯಾಡಲು ಬಿಡಿ. ಒಂದೆರಡು ನಿಮಿಷದಲ್ಲಿ ಎಚ್ಚರವಾಗದಿದ್ದರೆ ಆಸ್ಪತ್ರೆಗೆ ಒಯ್ಯಿರಿ.

3. ನಿದ್ದೆ: ಕಾಫಿಯ ಪರಿಣಾಮ ಐದಾರು ಗಂಟೆ ಕಳೆದರೂ ಅರ್ಧದಷ್ಟು ಉಳಿದಿರುತ್ತದೆ. ಮಧ್ಯಾಹ್ನದ ಮೇಲೆ ಕಾಫಿ, ಟೀ ಬೇಡ. ಚಪ್ಪರದ ದಿನ ರಾತ್ರಿ ಎರಡರವರೆಗೆ ಮೆಹಂದಿ, ನಾಲ್ಕಕ್ಕೆ ಎಣ್ಣೆಸ್ನಾನ ಎಂದರೆ ಯಾವ ಧೈರ್ಯವೂ ಉಳಿಯದು. ಮದುಮಕ್ಕಳಿಗೆ ಆರು ಗಂಟೆ ನಿದ್ದೆ ಸಿಗುವಂತೆ ನೋಡಿಕೊಳ್ಳುವುದು ಮನೆಯವರ ಹೊಣೆ.

4. ರೂಢಿ: ಅಂತರಘಟ್ಟೆಯ ದುರ್ಗಾಂಬಾ ದೇವಿಯ ಜಾತ್ರೆಗೆ ರೈತರು ಪಾನಕದ ಗಾಡಿ ಕಟ್ಟಿಕೊಂಡು ಬರುವುದನ್ನು ನೀವು ನೋಡಿರಬಹುದು. ಹೊಸ ಎತ್ತನ್ನು ಜಾತ್ರೆಯ ದಿನವೇ ನೊಗಕ್ಕೆ ಕಟ್ಟಿ ಆ ಗದ್ದಲಕ್ಕೆ ನುಗ್ಗಿಸಿದರೆ ಅದು ಬೆದರದೆ ಇದ್ದೀತೇ? ಮೊದಲು ಖಾಲಿ ರಸ್ತೆ, ಆಮೇಲೆ ಗೆಜ್ಜೆಯ ಸದ್ದು, ಆಮೇಲೆ ಜನ. ಮನುಷ್ಯನ ನರಗಳೂ ಹಾಗೆಯೇ, ಸ್ವಲ್ಪಸ್ವಲ್ಪವಾಗಿ ಪಳಗುತ್ತವೆ. ಕಲ್ಯಾಣ ಮಂಟಪಕ್ಕೆ ಮೊದಲೇ ಒಮ್ಮೆ ಹೋಗಿ ಬನ್ನಿ. ಆ ಸೀರೆಯುಟ್ಟು ಮನೆಯಲ್ಲೇ ಒಂದು ಗಂಟೆ ಓಡಾಡಿ. ಯಾವ ಶಾಸ್ತ್ರದ ನಂತರ ಯಾವುದು ಎಂದು ಪುರೋಹಿತರನ್ನೋ ಅಜ್ಜಿಯನ್ನೋ ಕೇಳಿ ಬರೆದಿಟ್ಟುಕೊಳ್ಳಿ. ಕೆಲಸದ ಸಂದರ್ಶನಕ್ಕೆ, ಎಸ್ಸೆಸ್ಸೆಲ್ಸಿ ಪರೀಕ್ಷೆಗೆ, ಸಭೆಯಲ್ಲಿ ಮಾತನಾಡುವುದಕ್ಕೆ ಹೊರಟವರಿಗೂ ಇದೇ ಔಷಧ.

ಮೊದಲ ರಾತ್ರಿಯ ಭಯ

ಇದನ್ನು ಬಾಯಿಬಿಟ್ಟು ಹೇಳುವವರು ಕಡಿಮೆ, ಒಳಗೇ ಬೇಯುವವರು ಹೆಚ್ಚು. ದಣಿವು, ಸಂಕೋಚ, ಗಾಬರಿ ಕೂಡಿದಾಗ ಗಂಡಿನ ಶರೀರ ಸ್ಪಂದಿಸದೆ ಇರುವುದು ಸಾಮಾನ್ಯ. ಅದು ನಪುಂಸಕತ್ವವಲ್ಲ. ಹೆಣ್ಣಿಗೆ ನೋವಿನ ಭಯವಿದ್ದರೆ ಅವಸರ ಮಾಡಬಾರದು. ಮೊದಲ ರಾತ್ರಿ ಮಾತಿನಲ್ಲೇ ಕಳೆದರೂ ಯಾವ ನಷ್ಟವೂ ಇಲ್ಲ. ಲಾಡ್ಜಿನಲ್ಲಿ ಕುಳಿತು ಲೇಹ್ಯ ಮಾರುವ ‘ಗುಪ್ತರೋಗ ತಜ್ಞ’ರ ಬಳಿ ಮಾತ್ರ ಸುಳಿಯಬೇಡಿ.

ಗೆಳೆಯ ಕೊಟ್ಟ ಮಾತ್ರೆ

ಆಲ್ಪ್ರಜೋಲಮ್‌ನಂಥ ಮಾತ್ರೆಗಳನ್ನು ‘ಧೈರ್ಯದ ಗುಳಿಗೆ’ ಎಂದು ಕೈಯಿಂದ ಕೈಗೆ ದಾಟಿಸುವುದುಂಟು. ಇವನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲ. ಮಂಟಪದಲ್ಲಿ ತೂಕಡಿಕೆ ಬರುತ್ತದೆ. ದಿನವೂ ನುಂಗಿದರೆ ಚಟವಾಗುತ್ತದೆ. ಮದ್ಯದ ಜೊತೆ ಸೇರಿದರೆ ಉಸಿರೇ ನಿಲ್ಲಬಹುದು. ಎದೆಬಡಿತ ತಗ್ಗಿಸುವ ಪ್ರೊಪ್ರನೊಲಾಲ್ ಅಸ್ತಮಾ ಇರುವವರಿಗೆ ಅಪಾಯಕಾರಿ. ಮುಟ್ಟು ಮುಂದೂಡುವ ಮಾತ್ರೆಯೂ ಎಲ್ಲರಿಗೂ ಹೊಂದುವುದಿಲ್ಲ. ಬೇಕೇಬೇಕಾದರೆ ತಿಂಗಳು ಮೊದಲೇ ವೈದ್ಯರನ್ನು ಕಾಣಿ.

ಹೆದರಿಕೆಯೋ, ಒಲ್ಲದ ಮನಸ್ಸೋ?

ಈ ಲೇಖನದಲ್ಲಿ ತಂದೆ-ತಾಯಿಯರು ಮುಖ್ಯವಾಗಿ ಗಮನಿಸಬೇಕಾದುದು ಇದು. ಸಹಜ ಗಾಬರಿಯಲ್ಲಿ ಹುಡುಗಿ ‘ಅಷ್ಟು ಜನರ ಮುಂದೆ ಹೇಗಮ್ಮಾ?’ ಎನ್ನುತ್ತಾಳೆ, ‘ಅತ್ತೆ ಮನೆ ಹೇಗೋ ಏನೋ’ ಎನ್ನುತ್ತಾಳೆ. ಅಳುತ್ತಾಳೆ, ಸೀರೆಯ ಬಣ್ಣಕ್ಕೆ ಜಗಳವನ್ನೂ ಆಡುತ್ತಾಳೆ. ಒಲ್ಲದ ಮನಸ್ಸು ಹೀಗಿರುವುದಿಲ್ಲ. ಆಕೆ ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾಳೆ. ಸೀರೆ, ಒಡವೆ ಯಾವುದರಲ್ಲೂ ಅವಳಿಗೆ ಆಸೆಯಿಲ್ಲ. ದಿನ ಹತ್ತಿರವಾದಂತೆ ಮಾತು ನಿಲ್ಲುತ್ತದೆ. ಹುಡುಗರಲ್ಲೂ ಇದು ಉಂಟು. ಅವರು ಸಿಡುಕುತ್ತಾರೆ, ಇಲ್ಲವೇ ಕುಡಿಯತೊಡಗುತ್ತಾರೆ.

ಇಂಥವರಿಗೆ ಮೇಲೆ ಹೇಳಿದ ಉಸಿರಿನ ಅಭ್ಯಾಸ ಕೊಡುವುದು ಗಾಯದ ಮೇಲೆ ಅರಿಶಿನ ಹಚ್ಚಿ ಒಳಗಿನ ಮುಳ್ಳನ್ನು ಬಿಟ್ಟಂತೆ. ಮಗಳನ್ನು ಒಬ್ಬಳನ್ನೇ ಕೂರಿಸಿಕೊಂಡು ‘ನಿನಗೆ ಈ ಮದುವೆ ಒಪ್ಪಿಗೆಯೇ?’ ಎಂದು ಕೇಳಿ. ಉತ್ತರ ಬರುವವರೆಗೆ ಸುಮ್ಮನಿರಿ, ಬೈಯಬೇಡಿ. ಪತ್ರಿಕೆ ಹಂಚಿಯಾಗಿದೆ, ಬೀಗರು ಏನೆಂದಾರು ಎಂಬ ಸಂಕಟ ನಿಜವೇ. ಆದರೆ ಛತ್ರದ ಮುಂಗಡ ಹೋದರೆ ಮತ್ತೆ ಸಂಪಾದಿಸಬಹುದು. 18 ತುಂಬದ ಹುಡುಗಿಯ, 21 ತುಂಬದ ಹುಡುಗನ ಮದುವೆಯಂತೂ ಕಾನೂನಿಗೆ ವಿರುದ್ಧ. ಅಂಥ ಸಂದರ್ಭದಲ್ಲಿ ಮಕ್ಕಳ ಸಹಾಯವಾಣಿ 1098ಕ್ಕೆ ಯಾರು ಬೇಕಾದರೂ ಕರೆ ಮಾಡಬಹುದು.

ಅಪ್ಪನ ಎದೆನೋವು

ಓಡಾಟ, ಸಾಲದ ಚಿಂತೆಯಲ್ಲಿ ಬಿ.ಪಿ., ಸಕ್ಕರೆ ಮಾತ್ರೆ ಮರೆಯುವವರು ತಂದೆ-ತಾಯಿಯರೇ. ಮಾತ್ರೆಗಳನ್ನು ವಾರಕ್ಕಾಗುವಷ್ಟು ಮೊದಲೇ ತಂದು ಒಬ್ಬರ ವಶಕ್ಕೆ ಕೊಡಿ. ಎದೆಯ ನಡುವೆ ಹಿಂಡಿದಂತೆ ನೋವು, ದವಡೆಗೋ ಎಡಗೈಗೋ ಹರಿಯುವುದು, ತಣ್ಣನೆಯ ಬೆವರು ಕಂಡರೆ ಗ್ಯಾಸ್ಟ್ರಿಕ್, ಟೆನ್ಷನ್ ಎಂದು ಸುಮ್ಮನಾಗಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ, ಇ.ಸಿ.ಜಿ. ಮಾಡಿಸಿ. ಮುಹೂರ್ತ ಮುಗಿಯಲಿ ಎಂದು ಕಾಯಬಾರದು.

ವೈದ್ಯರನ್ನು ಕಾಣುವುದು ಯಾವಾಗ?

ನಿದ್ದೆ, ಊಟ ಎರಡು ವಾರದಿಂದ ಕೆಟ್ಟಿದ್ದರೆ, ಸಾಯುತ್ತೇನೆಂಬ ಭಯ ಇದ್ದಕ್ಕಿದ್ದಂತೆ ಮತ್ತೆ ಮತ್ತೆ ಬಂದರೆ, ಸುಮ್ಮನೆ ಕುಳಿತಿದ್ದಾಗಲೂ ನಾಡಿ ನೂರಕ್ಕಿಂತ ಹೆಚ್ಚಿದ್ದರೆ ತೋರಿಸಿ. ರಕ್ತಹೀನತೆ, ಥೈರಾಯ್ಡ್ ತೊಂದರೆಯಿಂದಲೂ ಎದೆ ಹೀಗೇ ಬಡಿದುಕೊಳ್ಳುತ್ತದೆ. ಸಾಯುವ ಮಾತು ಒಮ್ಮೆ ಬಂದರೂ ಹಗುರವಾಗಿ ಎಣಿಸದೆ, ಅವರನ್ನು ಒಂಟಿಯಾಗಿ ಬಿಡದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು-ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ಮದುವೆಗೆ ಬೇಕಾದ ಸಾಮಾನಿನ ಪಟ್ಟಿಯನ್ನು ಎಲ್ಲರ ಮನೆಯಲ್ಲೂ ಬರೆಯುತ್ತಾರೆ. ಅಕ್ಕಿ, ಬೇಳೆ, ಹೂವು, ವಾಲಗ ಎಲ್ಲವೂ ಅದರಲ್ಲಿರುತ್ತವೆ. ಈ ಸಲ ಪಟ್ಟಿಯ ತುದಿಯಲ್ಲಿ ಇನ್ನೊಂದು ಸಾಲು ಸೇರಿಸಿ: ಮಗಳೊಂದಿಗೆ, ಮಗನೊಂದಿಗೆ ಒಂದು ಗಂಟೆ ಮಾತು. ಇದಕ್ಕೆ ಖರ್ಚಿಲ್ಲ.