ಕೈಯಿಂದ ಕೈಗೆ ಬರುವ ವಿದ್ಯೆ

ಶೇಂಗಾದ ಉಂಡೆ ಕಟ್ಟಲು ತಾಯಿ ಬೆಲ್ಲದ ಪಾಕ ಕಾಯಿಸುವುದನ್ನು ನಾವೆಲ್ಲರೂ ನೋಡಿದ್ದೇವೆ. ಹನಿಯೊಂದನ್ನು ಎರಡು ಬೆರಳುಗಳ ನಡುವೆ ಹಿಡಿದು, ಎಳೆ ಬಂದಿತೆಂದು ಕಂಡೊಡನೆ ಆಕೆ ಪಾತ್ರೆಯನ್ನು ಒಲೆಯಿಂದ ಇಳಿಸುವಳು. ಎಳೆ ಎಷ್ಟು ಗಟ್ಟಿಯಿರಬೇಕೆಂದು ಕೇಳಿದರೆ, “ಬಾಜೂಕ ನಿಂತು ನೋಡು” ಎನ್ನುವಳು. ಅದು ಪ್ರಶ್ನೆಯಿಂದ ನುಣುಚಿಕೊಳ್ಳುವ ಮಾತಲ್ಲ. ಅದೇ ಸರಿಯಾದ ಉತ್ತರ.

ಅಡುಗೆಮನೆಯ ಈ ಮಾತಿಗೂ ಯಂತ್ರಶಾಸ್ತ್ರಕ್ಕೂ ಏನು ಸಂಬಂಧ? ಬಾಗಲಕೋಟೆ ಜಿಲ್ಲೆಯ ಬೀಳಗಿ, ಜಮಖಂಡಿ, ಮುಧೋಳಗಳ ಸೀಮೆ ಕಬ್ಬಿನ ನಾಡು. ಬೀಳಗಿ ತಾಲ್ಲೂಕಿನ ಬಾಡಗಂಡಿಯಲ್ಲಿ ಸಕ್ಕರೆ ಕಾರ್ಖಾನೆಯುಂಟು. ಇಂತಹ ಕಾರ್ಖಾನೆಗಳಲ್ಲಿ ಕಬ್ಬಿನ ರಸವನ್ನು ತಿಳಿಗೊಳಿಸಿ, ನೀರನ್ನು ಆವಿಯಾಗಿಸಿ, ಪಾಕ ಮಾಡುವರು. ಆ ಪಾಕ ಹರಳುಗಟ್ಟುವುದು ಗಾಳಿಯನ್ನು ಹೊರಸೆಳೆದ ದೊಡ್ಡ ಕಡಾಯಿಯಲ್ಲಿ; ಕೆಲಸಗಾರರು ಅದನ್ನು ‘ಪ್ಯಾನ್’ ಎನ್ನುವರು. ಒಳಗೆ ಒತ್ತಡ ಕಡಿಮೆಯಾದುದರಿಂದ ಪಾಕ ಸುಮಾರು 60–70 ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಕುದಿಯುತ್ತದೆ; ಸಕ್ಕರೆ ಹೆಚ್ಚು ಕಾದು ಕಂದುವುದಿಲ್ಲ.

ಇಲ್ಲಿ ದಾರಿ ಬಲು ಇಕ್ಕಟ್ಟು. ಪಾಕ ತೆಳುವಾದರೆ, ಬೀಜವಾಗಿ ಹಾಕಿದ ಸಣ್ಣ ಹರಳುಗಳು ಕರಗಿಹೋಗುವುವು. ಅತಿಯಾಗಿ ಗಟ್ಟಿಯಾದರೆ ಬೇಡದ ಹೊಸ ಹರಳುಗಳು ಹುಟ್ಟುವುವು. ಸಕ್ಕರೆಯಿಂದ ಕಾಕಂಬಿಯನ್ನು ಬೇರ್ಪಡಿಸುವ ತಿರುಗುಯಂತ್ರದ ಜರಡಿಯನ್ನು ಈ ಪುಡಿಹರಳುಗಳು ಮುಚ್ಚಿಬಿಡಬಹುದು. ಇಲ್ಲವೆ ಅದರಲ್ಲಿ ನುಸುಳಿ ಹೋಗಬಹುದು. ಮತ್ತೆ ಕುದಿಸಬೇಕು, ವೇಳೆಯೂ ಉರುವಲೂ ವ್ಯರ್ಥ.

ಒತ್ತಡ, ಉಷ್ಣತೆಗಳನ್ನು ಮಾಪಕಗಳು ತಿಳಿಸುವುವು. ಆದರೂ ಅನುಭವಿಯಾದ ಪ್ಯಾನ್‌ಮನ್ ತುಸು ಪಾಕವನ್ನು ಹೊರತೆಗೆದು, ಗಾಜಿನ ಮೇಲೆ ಹರಡಿ, ಬೆಳಕಿಗೆ ಹಿಡಿಯುವನು. ಬೆರಳುಗಳ ನಡುವೆ ಎಳೆದೂ ನೋಡುವನು. ತಾಯಿಯ ಎಳೆಯೇ ಇಲ್ಲಿಗೂ ಬಂದಿತಲ್ಲವೆ! ಪದವಿ ಪಡೆದು ಬಂದ ತರುಣ ಇಂಜಿನಿಯರನಿಗೆ ಸಮೀಕರಣ ಗೊತ್ತು. ಆ ಎಳೆ ಗೊತ್ತಿಲ್ಲ.

ಹೇಳಲು ಬಾರದ, ಮಾಡಲು ಬರುವ ಇಂತಹ ಅರಿವನ್ನು ಮೈಕೇಲ್ ಪೊಲಾನಿ ಎಂಬ ವಿಜ್ಞಾನಿ 1966ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವೇಚಿಸಿದರು. ನಾವು ಅದನ್ನು ‘ಮೌನಜ್ಞಾನ’ ಎನ್ನೋಣ. ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವುದು ಹೇಗೆ?

ಅಮೆರಿಕದ ಜೂಲಿಯನ್ ಓರ್ ಎಂಬ ಮಾನವಶಾಸ್ತ್ರಜ್ಞರು ಜೆರಾಕ್ಸ್ ಯಂತ್ರಗಳನ್ನು ದುರಸ್ತಿ ಮಾಡುವವರೊಡನೆ ಓಡಾಡಿ, ತಾವು ಕಂಡುದನ್ನು 1996ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕೈಪಿಡಿಗೆ ಸಿಗದ ತೊಡಕುಗಳನ್ನು ಆ ಕೆಲಸಗಾರರು ಬಿಡಿಸುತ್ತಿದ್ದುದು ಒಬ್ಬರಿಗೊಬ್ಬರು ಹೇಳಿಕೊಂಡ ಕಥೆಗಳಿಂದ. ಊಟದ ಮೇಜಿನ ಹರಟೆಯೇ ಅವರ ಪಾಠಶಾಲೆ! ಮುಂದೆ ಆ ಕಂಪನಿ ಇಂತಹ ಸೂಚನೆಗಳನ್ನು ಕೂಡಿಹಾಕುವ ಏರ್ಪಾಡು ಮಾಡಿದಾಗ, ಪ್ರತಿಯೊಂದು ಸೂಚನೆಗೂ ಅದನ್ನು ಕೊಟ್ಟವರ ಹೆಸರು ಸೇರಿತು. ಜೊತೆಗಾರರ ಮನ್ನಣೆಯೇ ಅವರಿಗೆ ದೊಡ್ಡ ಬಹುಮಾನ.

ಕಬ್ಬು ನುರಿಸುವ ಹಂಗಾಮಿನಲ್ಲಿ ಕಾರ್ಖಾನೆ ಹಗಲಿರುಳೂ ನಡೆಯುತ್ತದೆ. ಪಾಳಿ ಬದಲಾಗುವಾಗ ದಾಖಲೆಯ ಪುಸ್ತಕದಲ್ಲಿ ಅಂಕಿಗಳು ಉಳಿಯುವುವು. ಅವುಗಳ ಅರ್ಥ ಬಹುಮಟ್ಟಿಗೆ ಬಾಯಿಮಾತಿನಲ್ಲಿ ದಾಟುವುದು. ಆದರೆ ಮಾತು ನಡೆಯಲು ಸ್ನೇಹ ಬೇಕು. ಪದವೀಧರನು ಕೇಳಲು ನಾಚಿದರೆ, ಹಿರಿಯನು ತನ್ನ ಬೆಲೆ ಕುಂದೀತೆಂದು ಅಂಜಿ ಬಾಯಿ ಬಿಗಿದರೆ, ಆ ಅರಿವು ಅಲ್ಲಿಗೇ ನಿಲ್ಲುವುದು. ಹಂಗಾಮೋ ಕೆಲವೇ ತಿಂಗಳು. ಹಿರಿಯನು ನಿವೃತ್ತನಾದ ದಿನ ಮಾಪಕಗಳು ಗೋಡೆಯ ಮೇಲೆ ಉಳಿಯುವುವು. ಅವನ ಬೆರಳುಗಳ ಅರಿವು ಅವನೊಡನೆ ಮನೆಗೆ ಹೋಗುವುದು. ಸ್ವಯಂಚಾಲಿತ ನಿಯಂತ್ರಣ ಬಂದಲ್ಲಿಯೂ, ಅದು ತಪ್ಪಿದಾಗ ಗುರುತಿಸಲು ಬಲ್ಲವರೊಬ್ಬರು ಬೇಕೇ ಬೇಕು.

ಪ್ರಿಯ ವಿದ್ಯಾರ್ಥಿಗಳೆ, ನಿಮ್ಮಲ್ಲಿ ಕೆಲವರು ನಾಳೆ ಇಂಜಿನಿಯರರಾಗುವಿರಿ. ಗಣಿತವನ್ನೂ ರಸಾಯನಶಾಸ್ತ್ರವನ್ನೂ ಚೆನ್ನಾಗಿ ಕಲಿಯಿರಿ. ಅದರೊಡನೆ ಇನ್ನೊಂದು ಮಾತನ್ನೂ ಕಲಿಯಿರಿ: “ಕಾಕಾ, ಇದು ನನಗ ತಿಳೀಲಿಲ್ಲ, ಒಮ್ಮೆ ತೋರಸ್ರಿ.”