ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಳಿಕ ನಿಶ್ಶಕ್ತಿ: ಅಳತೆಯರಿತ ಆಹಾರವೇ ಆಸರೆ

ಅತಿಸ್ಥೌಲ್ಯಕ್ಕಾಗಿ ಜಠರವನ್ನು ಕಿರಿದುಗೊಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಈಗ ನಮ್ಮ ಬ್ಯಾಡಗಿ, ರಾಣೆಬೆನ್ನೂರು, ಹಾವೇರಿಯ ಕಡೆಯಲ್ಲಿಯೂ ಇದ್ದಾರೆ. ತೂಕ ಇಳಿದ ಸಂತೋಷದೊಡನೆಯೇ ಎದ್ದರೆ ತಲೆಸುತ್ತು, ನಾಲ್ಕು ಹೆಜ್ಜೆಗೆ ಆಯಾಸ ಎಂಬ ಅಳಲನ್ನೂ ಅವರಿಂದ ನಾವು ಕೇಳುತ್ತೇವೆ. ಮನೆಯವರು ಕಳವಳಗೊಂಡು ಬೆಲ್ಲ-ತುಪ್ಪದ ಉಂಡಿ ತಿನ್ನಿಸುತ್ತಾರೆ, ಇಲ್ಲವೇ ಗ್ಲೂಕೋಸ್ ಬಾಟಲಿ ಹಾಕಿಸುತ್ತಾರೆ. ಇವೆರಡರಲ್ಲಿಯೂ ಎಚ್ಚರ ಬೇಕು.

ಸ್ಲೀವ್ ಎಂಬ ವಿಧಾನದಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚನ್ನು ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಆಹಾರವು ಸಣ್ಣಕರುಳಿನ ಮೊದಲ ಭಾಗವನ್ನು ದಾಟಿ ಮುಂದೆ ಸಾಗುತ್ತದೆ. ಉಣ್ಣುವುದು ಕಡಿಮೆಯಾದಾಗ ಕೊಬ್ಬಿನ ಜೊತೆಗೆ ಮಾಂಸಖಂಡವೂ ಕರಗುತ್ತದೆ. ಕಬ್ಬಿಣಾಂಶ ಮತ್ತು ಬಿ-೧೨ ಜೀವಸತ್ವಗಳು ಸರಿಯಾಗಿ ಹೀರಲ್ಪಡುವುದಿಲ್ಲ. ಮೊದಲ ಕೆಲವು ವಾರಗಳ ದಣಿವು ಸಹಜ. ತಿಂಗಳುಗಳು ಕಳೆದರೂ ಅದು ಉಳಿದರೆ ರಕ್ತಪರೀಕ್ಷೆ ಅಗತ್ಯ.

ಚರಕಸಂಹಿತೆಯ ಸೂತ್ರಸ್ಥಾನದ ೨೧ನೆಯ ಅಧ್ಯಾಯವು ಅತಿಸ್ಥೂಲ, ಅತಿಕೃಶ ಎರಡನ್ನೂ ನಿಂದಿತವೆಂದೇ ಎಣಿಸಿದೆ. ಶೋಧನಚಿಕಿತ್ಸೆಯ ನಂತರ ತೆಳುಗಂಜಿ, ಗಟ್ಟಿಗಂಜಿ, ಬೇಳೆಯ ಕಟ್ಟು ಎಂದು ಮೆಟ್ಟಿಲು ಮೆಟ್ಟಿಲಾಗಿ ಅಗ್ನಿಯನ್ನು ಬಲಪಡಿಸುವ ಸಂಸರ್ಜನಕ್ರಮವನ್ನೂ ನಮ್ಮ ಶಾಸ್ತ್ರ ಹೇಳುತ್ತದೆ. ದ್ರವ, ಮೆತ್ತಗಿನದು, ಬಳಿಕ ಗಟ್ಟಿ ಆಹಾರ ಎಂಬ ಶಸ್ತ್ರವೈದ್ಯರ ಕ್ರಮದ ಹಿಂದಿರುವುದೂ ಇಂತಹುದೇ ವಿವೇಕ. ಆದರೆ ಯಾವ ವಾರಕ್ಕೆ ಯಾವ ಆಹಾರವೆಂಬುದನ್ನು ಅವರೇ ನಿರ್ಧರಿಸಬೇಕು. ಖಾರಕ್ಕಿಂತ ಬಣ್ಣಕ್ಕೆ ಹೆಸರಾದ ನಮ್ಮ ಬ್ಯಾಡಗಿ ಮೆಣಸಿನಕಾಯಿಯೂ ಅಲ್ಲಿಯವರೆಗೆ ಕಾಯಲಿ.

ದಿನಕ್ಕೆ ಸಾಮಾನ್ಯವಾಗಿ ೬೦ ಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೋಟೀನ್ ಬೇಕು. ೫೦ ಗ್ರಾಂ ಹೆಸರುಬೇಳೆಯಿಂದ ದೊರೆಯುವುದು ಸುಮಾರು ೧೨ ಗ್ರಾಂ ಮಾತ್ರ. ಆದ್ದರಿಂದ ಶಾಕಾಹಾರಿಗಳು ಹಾಲು, ಮೊಸರು, ಪನೀರ್ ಬಳಸಿ, ಸಾಲದಿದ್ದರೆ ವೈದ್ಯರು ಸೂಚಿಸಿದ ಪ್ರೋಟೀನ್ ಪುಡಿಯನ್ನೂ ಸೇವಿಸಬೇಕು. ನೀರನ್ನು ಗುಟುಕು ಗುಟುಕಾಗಿ, ಊಟದಿಂದ ಅರ್ಧ ಗಂಟೆ ದೂರವಿಟ್ಟು ಕುಡಿಯಬೇಕು. ಸಿಹಿ ಪದಾರ್ಥವು ಬೇಗನೆ ಕರುಳಿಗಿಳಿದು ಎದೆಬಡಿತ, ಬೆವರು, ಸುಸ್ತನ್ನು ಉಂಟುಮಾಡಬಲ್ಲದು. ಈ ಕಾರಣದಿಂದ ಸಕ್ಕರೆ ತುಂಬಿದ ಲೇಹ್ಯಗಳನ್ನೂ, ಮದ್ಯಾಂಶವಿರುವ ಆಸವ-ಅರಿಷ್ಟಗಳನ್ನೂ ಶಕ್ತಿಗೆಂದು ತಾವಾಗಿಯೇ ಸೇವಿಸಬಾರದೆಂದು ಆಯುರ್ವೇದ ವೈದ್ಯರಾದ ನಾವೇ ಹೇಳುತ್ತೇವೆ. ಜೀವಸತ್ವದ ಮಾತ್ರೆಗಳು ಜೀವನಪರ್ಯಂತ. ಮೈ ಹಗುರಾಯಿತೆಂದು ನಿಲ್ಲಿಸಬಾರದು.

ವಾಂತಿ ನಿಲ್ಲದಿದ್ದರೆ, ನಡಿಗೆ ತಡವರಿಸಿದರೆ, ಕಣ್ಣಿಗೆ ಒಂದು ವಸ್ತು ಎರಡಾಗಿ ಕಂಡರೆ ಅದು ಬಿ-೧ ಜೀವಸತ್ವದ ತೀವ್ರ ಕೊರತೆಯಿರಬಹುದು. ತಡಮಾಡದೆ ಆಸ್ಪತ್ರೆಗೆ ಹೋಗಿ, ಗ್ಲೂಕೋಸ್ ಹಾಕುವ ಮೊದಲೇ ಶಸ್ತ್ರಚಿಕಿತ್ಸೆಯಾದ ಸಂಗತಿಯನ್ನು ವೈದ್ಯರಿಗೆ ತಿಳಿಸಿರಿ. ಬಿ-೧ ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಹಾನಿಯಾಗುವ ಸಂಭವವಿದೆ.

ಚೇತರಿಕೆಯ ಕಾಲದಲ್ಲಿ ಶ್ರಾವಣ ಸೋಮವಾರ, ಶಿವರಾತ್ರಿಯ ಉಪವಾಸಗಳನ್ನು ವೈದ್ಯರನ್ನು ಕೇಳದೆ ಕೈಗೊಳ್ಳಬಾರದು. ದಾಸೋಹದಲ್ಲಿ ಪ್ರಸಾದ ಬಿಡಬಾರದೆಂಬ ಸಂಕೋಚದಿಂದ ಮಿತಿಮೀರಿ ಉಣ್ಣುವವರೂ ಉಂಟು. ಬಡಿಸುವಾಗಲೇ ಒಂದು ಚಮಚ ಸಾಕೆಂದು ಹೇಳಿ ಸ್ವೀಕರಿಸಿರಿ. ಬಡಿಸುವ ಶರಣಬಂಧುಗಳೂ ಒತ್ತಾಯ ಮಾಡದಿರಲಿ. ಪ್ರಸಾದಕ್ಕೆ ಭಕ್ತಿ ಮುಖ್ಯ, ಪ್ರಮಾಣವಲ್ಲ.