ವಾಲ್ವ್ ಪ್ರಿ-ಆಂಪ್‌ನ ಗುಂಯ್ ಸದ್ದು: ಹುಟ್ಟುವ ಜಾಗ ಹುಡುಕಿ

ಹುಲಗೂರಿನ ಖಾದರ ಶಾ ಅವರ ಹರಕೆಯಿಂದ ಹುಟ್ಟಿದವರೆಂದು ಜನ ನಂಬುವ ಶಿಶುನಾಳ ಶರೀಫರ ತತ್ವಪದವನ್ನು ಹಳೆಯ ರೆಕಾರ್ಡಿನಲ್ಲಿ ಕೇಳುವಾಗ, ಏಕತಾರಿಯ ಶ್ರುತಿಯ ಕೆಳಗೆ ಕರೆಂಟಿನ ಶ್ರುತಿಯೂ ಕೇಳಿದರೆ ಸಂಕಟವಾಗುತ್ತದೆ. ಮನೆಯಲ್ಲೇ ಕಟ್ಟಿದ ವಾಲ್ವ್ ಪ್ರಿ-ಆಂಪ್ಲಿಫೈಯರಿನಲ್ಲಿ ಇದು ಸಾಮಾನ್ಯ. ಬೆಂಗಳೂರಿನ ಬಿಇಎಲ್ 1961ರಲ್ಲಿ ರೇಡಿಯೊ ವಾಲ್ವ್ ತಯಾರಿಕೆ ಶುರುಮಾಡಿತು. ಅದರ ಹಳೆಯ ವಾಲ್ವ್ ಕೈಗೆ ಸಿಕ್ಕವರು ಸದ್ದು ಬಂದ ಕೂಡಲೇ ವಾಲ್ವನ್ನೇ ಬೈಯುತ್ತಾರೆ. ಬಹಳ ಸಲ ತಪ್ಪು ವಾಲ್ವಿನದಲ್ಲ, ವೈರಿಂಗಿನದು.

ಮುಟ್ಟುವ ಮೊದಲು ಒಂದು ಮಾತು. ಒಳಗೆ 250ರಿಂದ 300 ವೋಲ್ಟ್ ಡಿಸಿ ಇರುತ್ತದೆ. ಪ್ಲಗ್ ಕಿತ್ತರೂ ಕಂಡೆನ್ಸರು ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಮೀಟರಿನಲ್ಲಿ ಸೊನ್ನೆ ಹತ್ತಿರ ಬಂದದ್ದನ್ನು ಕಂಡ ಮೇಲೆಯೇ ಕೈ ಹಾಕಬೇಕು.

ಮೊದಲು ವಾಲ್ಯೂಮ್ ಪೂರ್ತಿ ಇಳಿಸಿ. ಸದ್ದು ಹಾಗೇ ಉಳಿದರೆ ಅದು ವಾಲ್ಯೂಮಿನ ನಂತರದ ಭಾಗದ್ದು, ಮಾಯವಾದರೆ ಮುಂಚಿನದು. ಆಮೇಲೆ ಸದ್ದಿನ ಸ್ವರ ಗಮನಿಸಿ. ನಮ್ಮ ಕರೆಂಟು 50 ಹರ್ಟ್ಸ್. ಅದೇ ಮಂದ್ರದಲ್ಲಿ ನುಣುಪಾಗಿ ಗುಂಯ್ ಎಂದರೆ ಫಿಲಮೆಂಟಿನ ಮೇಲೋ ಟ್ರಾನ್ಸ್‌ಫಾರ್ಮರಿನ ಮೇಲೋ ಅನುಮಾನ ಪಡಿ. ಅದರ ಮೇಲಿನ ಷಡ್ಜದಲ್ಲಿ, ಅಂದರೆ 100 ಹರ್ಟ್ಸ್‌ನಲ್ಲಿ, ಒರಟಾಗಿ ಗುರ್ ಎಂದರೆ ರೆಕ್ಟಿಫೈಯರಿನ ಫಿಲ್ಟರು ಸಾಲದು, ಇಲ್ಲವೇ ಗ್ರೌಂಡ್ ತಂತಿ ದಾರಿ ತಪ್ಪಿದೆ.

ಫಿಲಮೆಂಟಿಗೆ ಹೆಚ್ಚು ಶ್ರಮ ಕೊಡಬೇಕು. ಇಸಿಸಿ83 ವಾಲ್ವಿಗೆ 6.3 ವೋಲ್ಟಿನಲ್ಲಿ 300 ಮಿಲಿಆಂಪಿಯರ್ ಎಸಿ ಹರಿಯುತ್ತದೆ. ಅದರ ಎರಡು ತಂತಿಗಳನ್ನು ಬಿಗಿಯಾಗಿ ಹೊಸೆದು, ಚಾಸಿಯ ಮೂಲೆಗೆ ಒತ್ತಿ, ಗ್ರಿಡ್ ತಂತಿಯಿಂದ ದೂರ ಒಯ್ಯಬೇಕು. ವೈಂಡಿಂಗಿಗೆ ನಡು ತಂತಿ ಇಲ್ಲದಿದ್ದರೆ ಎರಡೂ ಬದಿಯಿಂದ 100 ಓಮಿನ ಒಂದೊಂದು ರೆಸಿಸ್ಟರ್ ತಂದು ಕೂಡಿಸಿ. ಆ ಕೂಡುಜಾಗವನ್ನು ಗ್ರೌಂಡಿಗೆ ಕೊಡುವ ಬದಲು ಸುಮಾರು 40 ವೋಲ್ಟ್ ಪಾಸಿಟಿವ್‌ಗೆ ಏರಿಸಿದರೆ ಇನ್ನೂ ಒಳ್ಳೆಯದು. ಬಿಸಿಯಾದ ಫಿಲಮೆಂಟಿನಿಂದ ಎಲೆಕ್ಟ್ರಾನುಗಳು ಕ್ಯಾಥೋಡಿಗೆ ಜಿಗಿಯುತ್ತವೆ. ಫಿಲಮೆಂಟು ಪಾಸಿಟಿವ್ ಆದಾಗ ಆ ಜಿಗಿತ ನಿಲ್ಲುತ್ತದೆ. 300 ವೋಲ್ಟಿನಿಂದ 220 ಕಿಲೋ ಓಮ್, ಅದರ ಕೆಳಗೆ 33 ಕಿಲೋ ಓಮ್ ಇಟ್ಟರೆ ನಡುವೆ 39 ವೋಲ್ಟ್ ಸಿಗುತ್ತದೆ. 33 ಕಿಲೋ ಓಮಿಗೆ ಅಡ್ಡಲಾಗಿ ಒಂದು 47 ಮೈಕ್ರೋಫ್ಯಾರಡ್ ಕಂಡೆನ್ಸರ್ ಇರಲಿ. ರೆಕಾರ್ಡಿನ ಪ್ರಿ-ಆಂಪ್ ಆದರೆ ಫಿಲಮೆಂಟಿಗೆ ಡಿಸಿಯನ್ನೇ ಕೊಡಿ ಎನ್ನುತ್ತೇನೆ; ಪಿನ್ನಿನಿಂದ ಬರುವುದು ಕೆಲವೇ ಮಿಲಿವೋಲ್ಟ್, ಸಾಲದ್ದಕ್ಕೆ ರೆಕಾರ್ಡಿನ ಈಕ್ವಲೈಸರು 50 ಹರ್ಟ್ಸನ್ನು 1000 ಹರ್ಟ್ಸ್‌ಗಿಂತ ಸುಮಾರು ಏಳು ಪಟ್ಟು ಎತ್ತಿ ಕೊಡುತ್ತದೆ.

100 ಹರ್ಟ್ಸ್‌ಗೆ ಮದ್ದು ಸುಲಭ. ಸಪ್ಲೈ ಸಾಲಿನಲ್ಲಿ 10 ಕಿಲೋ ಓಮ್ ರೆಸಿಸ್ಟರು, 47 ಮೈಕ್ರೋಫ್ಯಾರಡ್ ಕಂಡೆನ್ಸರು ಸೇರಿಸಿದರೆ ಏರಿಳಿತ ಸುಮಾರು 300ರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಆದರೆ ಮೊದಲ ಫಿಲ್ಟರ್ ಕಂಡೆನ್ಸರಿನ ಗ್ರೌಂಡು ನೇರ ಟ್ರಾನ್ಸ್‌ಫಾರ್ಮರಿಗೇ ಮರಳಬೇಕು. ಅದರಲ್ಲಿ ಹರಿಯುವ ಕರೆಂಟಿನ ಹೊಡೆತಗಳು ಇನ್‌ಪುಟ್ಟಿನ ಗ್ರೌಂಡ್ ತಂತಿಯನ್ನು ಹಂಚಿಕೊಂಡರೆ ಎಷ್ಟು ಫಿಲ್ಟರ್ ಹಾಕಿದರೂ ಗುರ್ ಹೋಗದು. ಚಾಸಿಗೆ ಗ್ರೌಂಡು ಸೇರುವುದು ಒಂದೇ ಜಾಗದಲ್ಲಿ, ಇನ್‌ಪುಟ್ ಸಾಕೆಟ್ಟಿನ ಬಳಿ.

ಇದ್ದಿಲು, ಉಪ್ಪು ಹಾಕಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವುದು ಜೀವರಕ್ಷಣೆಗೆ ಬೇಕೇ ಬೇಕು, ಆದರೆ ಗುಂಯ್‌ಗೆ ಅದು ಔಷಧಿಯಲ್ಲ. ಸದ್ದು ಕಡಿಮೆಯಾಯಿತೆಂದು ಪ್ಲಗ್ಗಿನ ಮೂರನೇ ಪಿನ್ನಿನ ತಂತಿ ಬಿಡಿಸುವವರಿದ್ದಾರೆ. ದಯವಿಟ್ಟು ಬೇಡ, ಟ್ರಾನ್ಸ್‌ಫಾರ್ಮರು ಲೀಕಾದ ದಿನ ಚಾಸಿ ಮುಟ್ಟಿದವರ ಜೀವಕ್ಕೆ ಅಪಾಯ.

ಸೊಂಯ್ ಎನ್ನುವ ಹಿಸ್ ಬೇರೆ ಜಾತಿ. ಮೊದಲ ಹಂತದ ಪ್ಲೇಟಿನಲ್ಲಿ ಹಳೆಯ ಕಾರ್ಬನ್ ರೆಸಿಸ್ಟರ್ ಇದ್ದರೆ ತೆಗೆದು ಮೆಟಲ್ ಫಿಲ್ಮ್ ಹಾಕಿ. ಹಿನ್ನೆಲೆಯಲ್ಲಿ ಮಾತು, ಹಾಡು ತೇಲಿ ಬಂದರೆ, 765 ಕಿಲೋಹರ್ಟ್ಸ್‌ನ ಧಾರವಾಡ ಆಕಾಶವಾಣಿಯಂಥ ಮೀಡಿಯಂ ವೇವ್ ಪ್ರಸಾರವನ್ನು ಗ್ರಿಡ್ಡು ಹಿಡಿಯುತ್ತಿರಬಹುದು. ಕೆಲವು ಸಾವಿರ ಓಮಿನ ರೆಸಿಸ್ಟರನ್ನು ಗ್ರಿಡ್ ಪಿನ್ನಿಗೆ ತೀರ ಅಂಟಿದಂತೆ ಬೆಸುಗೆ ಹಾಕಿದರೆ ಅದು ತಗ್ಗುತ್ತದೆ.

ಇಷ್ಟಾದ ಮೇಲೆ ವಾಲ್ವಿನ ಸರದಿ. ಪೆನ್ಸಿಲಿನಿಂದ ಮೆಲ್ಲಗೆ ತಟ್ಟಿದಾಗ ಸ್ಪೀಕರಿನಲ್ಲಿ ಟಣ್ ಎಂದರೆ ಅದು ಮೈಕ್ರೊಫೋನಿಕ್. ಬಿಸಾಡಬೇಕಿಲ್ಲ: ಅತಿ ನಿಶ್ಶಬ್ದವಾದುದನ್ನು ಮೊದಲ ಹಂತಕ್ಕೆ ಇಟ್ಟು, ಇದನ್ನು ಕೊನೆಯ ಹಂತಕ್ಕೆ ಹಾಕಿ ನೋಡಿ.